ಹದಿನೆಂಟನೆಯ ನಿಮಿಷ

ಮೂರನೆಯ ಸಲವೂ ಬನ್ನುಗಳು ಸೀದುಹೋದವು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳಿಗೆ ಸುದ್ದಿ ಮುಟ್ಟಿಸಿದ್ದು ಮೂಗು. ಓಡಿಬಂದು ಓವನ್ನಿನ ಬಾಗಿಲು ತೆರೆಯುವಷ್ಟರಲ್ಲಿ ಎರಡು ಟ್ರೇ, ನಲವತ್ತೆಂಟು ಬನ್ನು, ಎಲ್ಲವೂ ಇದ್ದಿಲು. ಕಿಟಕಿಯ ಕಟ್ಟೆಯ ಮೇಲಿದ್ದ ಟೈಮರಿನ ಮುಳ್ಳು ಸೊನ್ನೆಗೆ ಬಂದು ತಣ್ಣಗೆ ನಿಂತಿತ್ತು.

ಹೊಗೆ ಕಂಡು ಗಂಡ ಒಳಗೆ ಬಂದ. ಮನೆಯ ಮುಂದಿನ ಕೋಣೆಯೇ ಅವನ ಗಡಿಯಾರ ರಿಪೇರಿ ಅಂಗಡಿ. ಹಣೆಯ ಮೇಲೆ ಭೂತಗನ್ನಡಿ ಹಾಗೆಯೇ ಇತ್ತು.

"ಬಾರಿಸ್ತಲ್ಲ. ಮುಂದಿನ ಕೋಣೆವರೆಗೂ ಕೇಳಿಸ್ತು. ನಿನಗೆ ಕೇಳಿಸ್ಲಿಲ್ವಾ?"

ಕೇಳಿಸಿದ್ದರೆ ಎದ್ದು ಬಂದು ಆರಿಸಬಹುದಿತ್ತಲ್ಲ ಎಂದು ಅವಳು ಅನ್ನಲಿಲ್ಲ. ಅವಳ ಕೆಲಸಕ್ಕೆ ಅವನು ಎಂದೂ ಎದ್ದು ಬಂದವನಲ್ಲ. ಒಂದೇ ಸಲ ಕರೆದರೆ ಓಗೊಟ್ಟವನೂ ಅಲ್ಲ. ಅದು ಅವನ ಗತ್ತು ಎಂದುಕೊಂಡು, ಆ ಮನೆಯಲ್ಲಿ ಯಾವ ಮಾತನ್ನಾದರೂ ಎರಡು ಸಲ ಹೇಳುವುದನ್ನು ಅವಳು ರೂಢಿ ಮಾಡಿಕೊಂಡು ವರ್ಷಗಳಾಗಿದ್ದವು.

ಟೈಮರ್ ಬೇಕೆಂದದ್ದು ಅವಳೇ. ರೈಲ್ವೆ ನಿಲ್ದಾಣದ ಕ್ಯಾಂಟೀನಿಗೆ ದಿನಕ್ಕೊಂದು ಟ್ರೇ ಬನ್ನು ಕೊಡುತ್ತಿದ್ದಾಗ ಓವನ್ನಿನ ಮುಂದೆ ಸ್ಟೂಲು ಹಾಕಿ ಕೂತರೆ ಸಾಕಿತ್ತು. ಕ್ಯಾಂಟೀನಿನವಳು ಎರಡು ಟ್ರೇ ಕೇಳಿದ ಮೇಲೆ ಕೂರಲು ಪುರುಸೊತ್ತಿಲ್ಲ. ಬನ್ನು ಬೇಯಲು ಹದಿನೆಂಟು ನಿಮಿಷ. ಅಷ್ಟರಲ್ಲಿ ನಾಳೆಯ ಹಿಟ್ಟು ನಾದಬೇಕು, ಬಟ್ಟೆ ಹರವಬೇಕು.

ಪೇಟೆಯಿಂದ ಯಾವುದಾದರೂ ತರುತ್ತೇನೆ ಎಂದು ಅವಳು ಅಂದಾಗ ಗಂಡನಿಗೆ ಅವಮಾನವಾಯಿತು. ಮೂವತ್ತು ವರ್ಷ ಗಡಿಯಾರದ ಹೊಟ್ಟೆ ಬಗೆದವನ ಹೆಂಡತಿ ಕಂಡಕಂಡ ಟೈಮರ್ ಇಡುವುದೆಂದರೇನು? ತಾನೇ ಹೋಗಿ ಮೂರು ತಂದ. ಸೆಲ್ಲಿನವು ಬೇಡ, ಸೆಲ್ಲು ಮುಗಿಯುವುದು ಯಾವಾಗಲೂ ಕೆಲಸದ ಹೊತ್ತಿಗೇ ಎಂದ. ಮೂರೂ ಕೀಲಿ ಕೊಡುವಂಥವು. ಒಂದು ವಾರ ತನ್ನ ಮೇಜಿನ ಮೇಲಿಟ್ಟು ದೊಡ್ಡ ಗಡಿಯಾರದ ಜೊತೆ ತಾಳೆ ನೋಡಿದ. ಒಂದು ಇಪ್ಪತ್ತು ಸೆಕೆಂಡು ಹಿಂದೆ. ಒಂದು ಹನ್ನೊಂದು ಸೆಕೆಂಡು ಮುಂದೆ. ಮೂರನೆಯದು ಹದಿನೆಂಟು ನಿಮಿಷಕ್ಕೆ ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ. ಅದನ್ನು ಬಿಚ್ಚಿ ಧೂಳು ತೆಗೆದ, ಎಣ್ಣೆ ಬಿಟ್ಟ, ಗಂಟೆಯ ಕಡೆ ಕೊಂಚ ಬಾಗಿದಂತೆ ಕಂಡ ಪುಟ್ಟ ಸುತ್ತಿಗೆಯನ್ನು ಚಿಮಟದಿಂದ ನೆಟ್ಟಗೆ ಮಾಡಿದ. ಅಡುಗೆಮನೆಯಲ್ಲಿ ಇಡುವಾಗ ಮದುವೆಯ ಉಂಗುರ ತೊಡಿಸುವವನ ಹಾಗೆ ಮುಖ ಮಾಡಿದ್ದ. ಈಚೆಗೆ ಅವನ ಅಂಗಡಿಗೆ ಜನ ಕಡಿಮೆ. ಅಲಾರಂ ಗಡಿಯಾರಗಳನ್ನಂತೂ ಅವನೇ ವಾಪಸು ಕಳಿಸುತ್ತಿದ್ದ, ಅದೆಲ್ಲ ಹಳೆಯ ಕಾಲದ ತಾಪತ್ರಯ ಎಂದು. ಅಷ್ಟು ಹುರುಪಿನಲ್ಲಿ ಅವನನ್ನು ಕಂಡು ಅವಳಿಗೂ ಖುಷಿಯಾಗಿತ್ತು.

ಮೊದಲ ಸಲ ಸೀದಾಗ ತನ್ನ ಮೈಮರೆವು ಎಂದುಕೊಂಡಳು. ಎರಡನೆಯ ಸಲ, ಇದು ಬಾರಿಸುತ್ತಲೇ ಇಲ್ಲ ಎಂದಳು. ಅವನು ಅವಳ ಎದುರಿಗೇ ಒಂದು ನಿಮಿಷಕ್ಕೆ ತಿರುಗಿಸಿ, ಸುತ್ತಿಗೆ ಕಾಣುವ ಹಿಂಬದಿಯ ಕಿಂಡಿಯನ್ನೇ ನೋಡುತ್ತ ಕೂತ. ಮುಳ್ಳು ಸೊನ್ನೆಗೆ ಬಂತು.

"ಬಾರಿಸ್ತು ನೋಡು," ಎಂದ.

ಅವಳಿಗೆ ಏನೂ ಕೇಳಿಸಲಿಲ್ಲ.

ಆಮೇಲೆ ಅವನು ಮೆತ್ತಗಾದ. ಅಷ್ಟು ಮೆತ್ತಗಿನ ಮಾತನ್ನು ಅವಳು ಅವನಿಂದ ಕೇಳಿ ಬಹಳ ಕಾಲವಾಗಿತ್ತು.

"ಕಿವಿ ಎಲ್ಲಾ ಒಟ್ಟಿಗೆ ಹೋಗಲ್ಲ. ಸಣ್ಣ ಗಂಟೆ ದನಿ ಮೊದಲು ಹೋಗುತ್ತೆ. ಮಾತು ಕೇಳಿಸ್ತಾ ಇರುತ್ತೆ, ಹಾಗಾಗಿ ಗೊತ್ತೇ ಆಗಲ್ಲ. ಹೆದರ್ಬೇಡ."

ಅವಳು ಹೆದರಿದಳು. ಬಾಗಿಲ ಗಂಟೆ ಬಾರಿಸಿತೇನೋ ಎಂದು ಸುಮ್ಮಸುಮ್ಮನೆ ಎದ್ದು ಹೋಗಿ ನೋಡಿದಳು. ಜನರ ಮಾತಿಗಿಂತ ತುಟಿಯ ಮೇಲೆ ಕಣ್ಣಿಟ್ಟಳು. ಟೈಮರಿನ ಮುಳ್ಳನ್ನೇ ನೋಡುತ್ತಿರೋಣವೆಂದುಕೊಂಡಳು; ಹಿಟ್ಟು, ಬಟ್ಟೆ ಎಂದು ಹತ್ತು ಕಡೆ ಓಡಾಡುವಾಗ ಅದೂ ತಪ್ಪಿ, ಮೂರನೆಯ ಸಲ ಸೀದುಹೋಯಿತು.

ಅಂದು ಸಂಜೆ ಕ್ಯಾಂಟೀನಿನವಳು ಬಂದು, ಬೇಸರ ಮಾಡಿಕೊಳ್ಳಬೇಡಿ, ಪ್ರಯಾಣಿಕರು ಬೈಯುತ್ತಾರೆ ಎಂದಳು. ಹೆಂಡತಿ ಅವಳನ್ನು ಕೂರಿಸಿ, ತನ್ನ ಕಿವಿ ಹೋಗಿದೆ ಎಂದು ತಾನೇ ಹೇಳಿದಳು. ಕೇರಿಯಲ್ಲಿ ಇನ್ನೊಬ್ಬಳು ಬನ್ನು ಮಾಡುವವಳಿದ್ದಳು. ಅವಳ ಹೆಸರನ್ನೂ ತಾನೇ ಸೂಚಿಸಿದಳು. ವಾರದೊಳಗೆ ಓವನ್ನು ತಳ್ಳುಗಾಡಿಯಲ್ಲಿ ಆ ಇನ್ನೊಬ್ಬಳ ಮನೆಗೆ ಹೋಯಿತು. ಓವನ್ನು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಹೊಸದರ ಹಾಗೆ ಉಳಿದಿತ್ತು. ಗಂಡ ಅಲ್ಲೊಂದು ಕುರ್ಚಿ ಹಾಕಿ, ಇನ್ನು ಆರಾಮಾಗಿರು ಎಂದ.

ಕಿವಿ ಡಾಕ್ಟರ ಹತ್ತಿರ ಹೋದದ್ದು ಆಮೇಲೆ, ಯಂತ್ರ ಹಾಕಿಸಿಕೊಂಡರೆ ಮಾತಾದರೂ ಉಳಿದೀತು ಎಂಬ ಆಸೆಯಿಂದ. ನರ್ಸು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಲು ಹೇಳಿದಳು. ಅವಳು ಅರ್ಧ ಗಂಟೆ ಮತ್ತೆ ಮತ್ತೆ ಕೈ ಎತ್ತುತ್ತಲೇ ಇದ್ದಳು.

ಡಾಕ್ಟರು ಕಾಗದವನ್ನು ಎರಡು ಸಲ ನೋಡಿ, ಇವು ಇಪ್ಪತ್ತರ ಹುಡುಗಿಯ ಕಿವಿಗಳು ಎಂದರು. ಗಂಡ ಡಾಕ್ಟರ ತುಟಿಯನ್ನೇ ನೋಡುತ್ತಿದ್ದವನು, ನಿಮ್ಮ ಯಂತ್ರ ಸರಿಯಿಲ್ಲ ಎಂದ. ಸಾಕ್ಷಿಗಿರಲಿ ಎಂದು ಚೀಲದಲ್ಲಿ ಟೈಮರ್ ತಂದಿದ್ದ. ಮೇಜಿನ ಮೇಲಿಟ್ಟು ಒಂದು ನಿಮಿಷಕ್ಕೆ ತಿರುಗಿಸಿ, ಕಿಂಡಿಗೆ ಕಣ್ಣು ಕೊಟ್ಟು ಬಗ್ಗಿದ. ಡಾಕ್ಟರು ಕೈಗಡಿಯಾರ ನೋಡಿಕೊಂಡರು. ನರ್ಸು ಫ್ಯಾನು ಆರಿಸಿದಳು. ಹೆಂಡತಿ ಟೈಮರಿನ ಕಡೆ ಬಾಗಿ ಕಿವಿಗೊಟ್ಟಳು. ಮುಳ್ಳು ಸೊನ್ನೆಗೆ ಬಂದು ನಿಂತಿತು. ಕಿಂಡಿಯೊಳಗೆ ಸುತ್ತಿಗೆ ಗಂಟೆಗೆ ತಾಗದೆ ಗಾಳಿಯಲ್ಲೇ ಅದುರಿತು.

"ಕೇಳಿದ್ರಾ?" ಎಂದು ಅವನು ಗೆದ್ದವನಂತೆ ತಲೆ ಎತ್ತಿದ. "ಎಷ್ಟು ಜೋರಾಗಿ ಬಾರಿಸ್ತು."

ಆ ಕೋಣೆಯಲ್ಲಿ ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ.