ಮಹಡಿಯ ಕೋಣೆ

“ಇನ್ನೂರು ವರ್ಷದ ಹಿಂದೆ ಈ ಬಂಗಲೆ ಕಟ್ಟಿಸಿದ ಸರ್ ಎಡ್ಮಂಡ್ ಇಪ್ಪತ್ತೆರಡು ವರ್ಷ ಲಂಡನ್ನಿನ ಪಾರ್ಲಿಮೆಂಟಲ್ಲಿ ಕೂತಿದ್ರು. ಬಾಯಿಬಿಟ್ಟಿದ್ದು ಎರಡೇ ಸಲ!”

ಪ್ರವಾಸಿಗರು ನಕ್ಕರು. ಡಾಕ್ಟರ್ ಗಂಡನೊಂದಿಗೆ ಐರ್ಲೆಂಡಿನ ಲೀಕ್ಸ್‌ಲಿಪ್‌ಗೆ ಬಂದ ಮೇಲೆ ಶಕುಂತಲಾ ಶನಿವಾರಗಳಂದು ಇಲ್ಲಿ ಗೈಡ್. “ಹನ್ನೊಂದು ಸಾವಿರ ಎಕರೆಯ ಒಡೆಯ, ಇಲ್ಲಿ ಇದ್ದಿದ್ದು ನೂರು ದಿನವೂ ಇಲ್ಲ. ವಯಸ್ಸಾದ ಮೇಲೆ ಇಲ್ಲೇ ಇರ್ತೀನಿ ಅಂತ ಹೊರಟವರು ಹಡಗಿನಲ್ಲೇ ತೀರಿಕೊಂಡ್ರು.”

ಪರದೆ ಎಳೆದಿದ್ದ ಲೈಬ್ರರಿಯ ಕತ್ತಲೆಯಲ್ಲಿ ಎಲ್ಲರೂ ತಡವರಿಸುತ್ತಿದ್ದಾಗ, ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬಳ ಕೈ ಬಾಗಿಲ ಹಿಂದಕ್ಕೆ ಹೋಗಿ, ನೋಡದೆಯೇ ಸ್ವಿಚ್ ಒತ್ತಿತು. ಶಕುಂತಲಾ ದಂಗಾದಳು. ಉಳಿದವರು ಟೀ ಕುಡಿಯಲು ಹೋದ ಮೇಲೆ ಮೆಲ್ಲಗೆ ಕೇಳಿದಳು, “ನೀವು ಸರ್ ಎಡ್ಮಂಡ್ ವಂಶದವರಾ?”

“ಅಯ್ಯೋ, ಇಲ್ಲಮ್ಮ. ನಮ್ಮಮ್ಮ ಇಲ್ಲಿ ನೆಲ ಒರೆಸ್ತಿದ್ದಳು. ನಾನು ಡೆಲಿಯಾ. ಒಂಬತ್ತು ವರ್ಷ ತುಂಬೋವರೆಗೂ ಅವಳ ಹಿಂದೆ ಹಿಂದೆ ಇಲ್ಲೆಲ್ಲ ಓಡಾಡಿದೀನಿ.” ಮಹಡಿ ಮೆಟ್ಟಿಲಿಗೆ ಅಡ್ಡ ಕಟ್ಟಿದ್ದ ಹಗ್ಗದ ಮೇಲೆ ಅಜ್ಜಿಯ ಕಣ್ಣು ನಿಂತಿತು. “ಮೇಲೊಂದು ರೂಮಿದೆ. ನಾಳೆ ನಾನು ಕೆನಡಾಕ್ಕೆ ವಾಪಸ್. ಮತ್ತೆ ಬರ್ತೀನಿ ಅನ್ನೋ ವಯಸ್ಸಲ್ಲ.”

ಮೇಲಕ್ಕೆ ಯಾರನ್ನೂ ಬಿಡಕೂಡದೆಂದು ಮ್ಯಾನೇಜರ್ ಎರಡು ಸಲ ಎಚ್ಚರಿಸಿದ್ದ. ಬಿಟ್ಟದ್ದು ಗೊತ್ತಾದರೆ ಕೆಲಸವೇ ಹೋಗುತ್ತಿತ್ತು. ಶಕುಂತಲಾಳಿಗೆ ನೆನಪಾದದ್ದು ಮೈಸೂರಿನ ಅಗ್ರಹಾರದಲ್ಲಿ ತಾನು ಬೆಳೆದ ಬಾಡಿಗೆ ಮನೆ. ಕಳೆದ ರಜೆಯಲ್ಲಿ ಅದರ ಗೇಟಿನ ಮುಂದೆ ನಿಂತಿದ್ದಳು. ಅಲ್ಲಿನ ಅಡುಗೆಮನೆಯಲ್ಲಿ ಅಮ್ಮನ ಜೊತೆ ಕೂತು ಅವರೆಕಾಯಿ ಸುಲಿದಿದ್ದೆ ಎಂದು ಈಗಿನವರಿಗೆ ಹೇಗೆ ಹೇಳುವುದು? ಬೆಲ್ ಒತ್ತದೆ ಬಂದುಬಿಟ್ಟಿದ್ದಳು.

ಹಗ್ಗ ಬಿಚ್ಚಿದಳು. “ಹುಷಾರು, ಹಲಗೆ ಸದ್ದು ಮಾಡುತ್ತೆ.”

“ಎಡಗಡೆ ಕಾಲಿಡು, ಮಾಡಲ್ಲ.”

ಕೋಣೆ ಖಾಲಿ. ಉದ್ದನೆಯ ಕಿಟಕಿ ನೆಲದವರೆಗೂ ಇಳಿದಿತ್ತು. ಅದರ ತುಂಬ ಹೊರಗಿನ ಮರದ ಎಲೆಗಳೇ. ಡೆಲಿಯಾ ಗೋಡೆ ಹಿಡಿದು, ನರಳುತ್ತ, ನೆಲದ ಮೇಲೆ ಕೂತಳು. ಪಕ್ಕದ ಜಾಗ ತಟ್ಟಿದಳು. ಶಕುಂತಲಾ ಎಷ್ಟೋ ವರ್ಷಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕೊಂಬೆಗಳ ಅಡಿಯಲ್ಲಿ, ಬಿಸಿಲಿಗೆ ಹೊಳೆಯುತ್ತ, ಇಡೀ ನದಿ ಕಾಣಿಸಿತು.

“ನಿಂತವರಿಗೆ ಇದು ಕಾಣಲ್ಲ,” ಎಂದಳು ಡೆಲಿಯಾ. “ಬೇರೆ ರೂಮುಗಳನ್ನೆಲ್ಲ ಅಮ್ಮ ಬೇಗ ಬೇಗ ಒರೆಸಿ ಮುಗಿಸ್ತಿದ್ದಳು. ಈ ಮೂಲೇಲಿ ಮಾತ್ರ ಮೊಣಕಾಲೂರಿದರೆ, ತುಂಬಾ ಹೊತ್ತು ಹಿಡೀತಿತ್ತು.”