ಕಲ್ಲಿಗೊಂದು ಜಾಗ

"ಎಲ್ಲಿ ಅಗೀಲಿ, ಟಾಂಟಿ? ಜಾಗ ತೋರಿಸಿ, ಬಿಸಿಲೇರ್ತಾ ಇದೆ," ಎಂದು ಬಾಸಿಲ್ ಹೆಗಲ ಮೇಲಿನ ಗುದ್ದಲಿ ಇಳಿಸಿದ. ಎಲೊರಿನ್ ನೆಲದ ಮೇಲೆ ಕಣ್ಣಾಡಿಸಿದಳು. ಸ್ಮಶಾನದಲ್ಲಿ ಸಮುದ್ರದ ಕಡೆಗಿದ್ದ ಆ ಮೂಲೆ ಮದುವೆ ಮನೆಯ ಅಂಗಳದಂತೆ ಚೊಕ್ಕಟವಾಗಿತ್ತು. ಮುಳ್ಳಿಲ್ಲ, ಕಳೆಯಿಲ್ಲ, ಮಣ್ಣಿನ ದಿಬ್ಬಗಳೂ ಇಲ್ಲ. ಹುಡುಕಿದರೂ ಒಂದೇ ಒಂದು ಶಂಖ ಕಾಣಲಿಲ್ಲ.

ನಾಳೆ ಅವಳ ಮಗ ಆಸ್ಬರ್ಟನ ಕಲ್ಲೂಟ. ಕ್ಯಾರಿಯಾಕೂ ದ್ವೀಪದಲ್ಲಿ ಸತ್ತವರ ತಲೆದೆಸೆಗೆ ಕಲ್ಲು ಕೂಡಲೇ ಬರುವುದಿಲ್ಲ. ಮನೆಯವರು ವರ್ಷಗಟ್ಟಲೆ ಕೂಡಿಟ್ಟು, ಕಲ್ಲು ಕೆತ್ತಿಸಿ, ಊರಿಗೆಲ್ಲ ಊಟ ಹಾಕಿ ನೆಡುತ್ತಾರೆ. ಅಲ್ಲಿಯವರೆಗೆ ಮಣ್ಣಿನ ಸುತ್ತ ಜೋಡಿಸಿದ ಶಂಖಗಳೇ ಗುರುತು. ಎಲೊರಿನ್‌ಳ ನಡುಮನೆಯಲ್ಲಿ ಕಲ್ಲು ಬಿಳಿ ಬಟ್ಟೆ ಹೊದ್ದು ಮಲಗಿತ್ತು. ಹಿತ್ತಿಲಲ್ಲಿ ಕುರಿಗಳು ಕಟ್ಟಿದ್ದವು, ಲಂಡನ್ನಿನಿಂದ ಅವನ ತಂಗಿಯರು ಹೊರಟಾಗಿತ್ತು. ಆಸ್ಬರ್ಟನ ಸುತ್ತ ಇದ್ದದ್ದು ಬದುಕಿದ್ದಾಗ ಅವನೇ ಸಮುದ್ರದಲ್ಲಿ ಮುಳುಗಿ ತಂದ ಶಂಖಗಳು. ಅವಳಿಗೆ ಗೊತ್ತಿದ್ದದ್ದು ಆ ಶಂಖಗಳ ಗುರುತು, ನೆಲದ ಗುರುತಲ್ಲ.

"ಇಲ್ಲೇ ಇರ್ಬೇಕು ಕಣೋ," ಎಂದು ನಿಂತಳು. ಮತ್ತೆ ತಲೆಯಾಡಿಸಿ ಪಕ್ಕಕ್ಕೆ ಸರಿದಳು. "ಅಲ್ಲ, ಇನ್ನೂ ಸ್ವಲ್ಪ ಆಚೆ."

"ಆಚೆ ಹೋದ್ರೆ ಗಸ್ಟಸ್ ಮುದುಕ ಸಿಕ್ತಾನೆ. ಬದುಕಿದ್ದಾಗ್ಲೇ ಪಕ್ಕದಲ್ಲಿ ಯಾರನ್ನೂ ಕೂರೋಕೆ ಬಿಟ್ಟವನಲ್ಲ ಅವ್ನು."

ಬಾಸಿಲ್ ಆಸ್ಬರ್ಟನ ಗೆಳೆಯ, ಗೆಳೆಯನ ತಾಯಿಯನ್ನು ಚಿಕ್ಕಮ್ಮನೆಂಬಂತೆ ಟಾಂಟಿ ಎನ್ನುತ್ತಿದ್ದವನು. ಅವಳನ್ನು ನಗಿಸಲು ನೋಡಿದ. ಅವಳು ನಗಲಿಲ್ಲ. "ಗಸ್ಟಸ್ ಎದೆ ಮೇಲೆ ನನ್ನ ಮಗನ ಹೆಸರು ನೆಡ್ಲೇನೋ? ನಾಳೆ ಊರೆಲ್ಲ ಬಂದು ಯಾರಿಗೆ ಹಾಡ್ಬೇಕು, ಯಾರಿಗೆ ಅಳ್ಬೇಕು?"

"ಮಮ್ಮಾ! ನೋಡಿಬಿಟ್ರಾ? ನಾಳೆ ಎಲ್ಲರ ಮುಂದೆ ತೋರಿಸೋಣ ಅಂತಿದ್ವಿ!" ಎನ್ನುತ್ತಾ ಆನಿಕಾ ಓಡಿಬಂದಳು. ಊರಿನ ಸೇವೆಗೆಂದು ಬಂದಿದ್ದ ಬಿಳಿಯರ ತಂಡದ ಹುಡುಗಿ, ಎಲೊರಿನ್‌ಳ ಮನೆಯಲ್ಲೇ ಇದ್ದು, ಅವಳು ತೊಳಸಿದ ಜೋಳದ ಮುದ್ದೆಯನ್ನೇ ತಿಂದುಕೊಂಡಿದ್ದವಳು. "ಶನಿವಾರ ನೀವೆಲ್ಲ ದೋಣಿ ಪಂದ್ಯಕ್ಕೆ ಹೋಗಿದ್ರಲ್ಲ, ಆಗ ಮಾಡಿ ಮುಗಿಸಿದ್ವಿ. ಎಷ್ಟೊಂದು ಕಸ ಇತ್ತು ಇಲ್ಲಿ!"

"ಶಂಖ ಎಲ್ಲಿ?"

"ಎಸೀಲಿಲ್ಲ ಮಮ್ಮಾ! ಅಷ್ಟು ಚೆಂದದವನ್ನ ಎಸೀತೀವಾ? ಬನ್ನಿ, ತೋರಿಸ್ತೀನಿ."

ಬಾಸಿಲ್ ಗುದ್ದಲಿ ಹೊತ್ತು ಹಿಂದೆಯೇ ಬಂದ. ದಾರಿಯುದ್ದಕ್ಕೂ ಎಲೊರಿನ್ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಳು. ಹಿಂದಿನ ಸಲದ ತಂಡದವರು ಬೆಸ್ತರಿಗೆ ಈಜು ಕಲಿಸಿ ಹೋಗಿದ್ದರು. ಪಾಪ, ದೂರದಿಂದ ಬಂದವರು ಎಂದು ಊರು ಒಳಗೊಳಗೇ ನಕ್ಕು ಸುಮ್ಮನಾಗಿತ್ತು. ಈ ಸಲ ನಗುವ ಮಾತೇ ಇರಲಿಲ್ಲ. ಉಪಕಾರ ಮಾಡಲು ಹೊರಟವರು ಮನೆಯವರನ್ನು ಒಂದು ಮಾತು ಕೇಳಿದ್ದರೆ ಇವರ ನಾಲಿಗೆ ಸವೆದು ಹೋಗುತ್ತಿತ್ತೇ? ಈ ಹುಡುಗಿ ಒಂದೇ ಸೂರಿನ ಕೆಳಗಿದ್ದಾಳೆ, ಮೂರು ಹೊತ್ತೂ ಎದುರಿಗೆ ಕೂತು ಉಣ್ಣುತ್ತಾಳೆ, ನಡುಮನೆಯ ಕಲ್ಲಿಗೆ ತಾನೇ ಹೂವಿಟ್ಟು ಕೈ ಮುಗಿದಿದ್ದಾಳೆ. ಅದು ಯಾವ ಮಣ್ಣಿಗೆ ಹೋಗುತ್ತದೆ ಎಂದು ಕೇಳಲು ಅವಳಿಗೆ ತೋಚಲೇ ಇಲ್ಲ.

ಶಾಲೆಯ ಮುಂದೆ ಹೊಸ ಹೂವಿನ ಪಾತಿ. ಅದರ ಸುತ್ತ ಶಂಖಗಳು, ಒಂದಕ್ಕೆ ಹಳದಿ, ಇನ್ನೊಂದಕ್ಕೆ ನೀಲಿ, ಮತ್ತೊಂದಕ್ಕೆ ಕಡು ಗುಲಾಬಿ ಬಣ್ಣ. ಒಂದೊಂದರ ಮೇಲೂ ಒಂದೊಂದು ಹೆಸರು: ಟಾರ್ಬೆನ್, ಲೀಸ, ಆನಿಕಾ. ಹೆಸರಿನ ಪಕ್ಕ ಒಂದು ನಗುಮುಖ.

"ನಾವು ಹೋದ್ಮೇಲೂ ನಮ್ಮ ನೆನಪು ಇರ್ಲಿ ಅಂತ," ಎಂದಳು ಆನಿಕಾ.

ಎಲೊರಿನ್ ಬಗ್ಗಿ ಒಂದನ್ನು ಎತ್ತಿಕೊಂಡಳು, ತಿರುಗಿಸಿ ನೋಡಿದಳು, ಇಟ್ಟು ಇನ್ನೊಂದನ್ನು ಎತ್ತಿದಳು. ಬಣ್ಣದ ಅಡಿಯಲ್ಲಿ ಆಸ್ಬರ್ಟನದು ಯಾವುದು, ಗಸ್ಟಸನದು ಯಾವುದು ಎಂದು ಅವಳಿಗೂ ತಿಳಿಯಲಿಲ್ಲ. ಹೆತ್ತವಳಿಗೇ ತಿಳಿಯದಂತೆ ಬಳಿದಿದ್ದರು.

"ಇವು ನನ್ನ ಮಗನ ಗೋರಿ ಸುತ್ತ ಇದ್ದವು," ಎಂದಳು.

ಆನಿಕಾಳ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ... ಮಮ್ಮಾ, ಅಲ್ಲಿ ಹೆಸರೇನೂ ಇರ್ಲಿಲ್ಲ! ನಮಗೆ ಗೊತ್ತಾಗ್ಲಿಲ್ಲ. ಇವತ್ತೇ ಬಣ್ಣ ಕೆರೆದು ವಾಪಸ್ ಇಟ್ಟುಬಿಡ್ತೀವಿ. ಎಲ್ಲಿಡ್ಬೇಕು ಅಂತ ನೀವು ಹೇಳಿ, ಅಷ್ಟೇ ಸಾಕು."

"ಅದನ್ನ ಹೇಳ್ತಿದ್ದದ್ದೇ ಇವು ಕಣೇ!"

ಆ ಕೂಗಿಗೆ ತರಗತಿಯೊಳಗಿನ ಮಗ್ಗಿ ನಿಂತುಹೋಯಿತು. ಎಲೊರಿನ್ ಕೈಯಲ್ಲಿದ್ದ ಶಂಖವನ್ನು ಮೆಲ್ಲಗೆ ಪಾತಿಯಂಚಿಗೆ ಇಟ್ಟಳು. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕಣ್ಣೊರೆಸಿಕೊಂಡಳು. ಆಮೇಲೆ ಬಾಸಿಲ್ ಕಡೆ ತಿರುಗಿದಳು.

"ಕಲ್ಲು ಇಲ್ಲಿಗೇ ತರ್ಸು. ಇಲ್ಲೇ ಅಗಿ."

ಬಾಸಿಲ್ ಅವಳ ಮುಖ ನೋಡಿದ. ಗುದ್ದಲಿ ಎತ್ತಿ ಅರಳಿದ ಹೂಗಳ ನಡುವೆ ಹಾಕಿದ.

"ಬೇಡ ಮಮ್ಮಾ! ಇದು ಮಕ್ಕಳ ಹೂದೋಟ!" ಆನಿಕಾ ಅವಳ ತೋಳು ಹಿಡಿದುಕೊಂಡಳು. "ಇಲ್ಲಿ ನಿಮ್ಮ ಮಗ ಇಲ್ವಲ್ಲ!"

ಎಲೊರಿನ್ ಆ ಕೈಯನ್ನು ಬಿಡಿಸಿಕೊಂಡಳು.

"ಅಲ್ಲಿ ಇದ್ದಾನೆ ಅಂತ ನಿಂಗೆ ಕಂಡಿತ್ತಾ?"