ಬಾನೆಟ್ಟಿನ ಗೀರು

ಚೈತ್ರದ ಒಂದು ಮುಂಜಾನೆ, ಕಸ ಗುಡಿಸುವ ಚೆನ್ನವ್ವ ಸಾವುಕಾರರ ಹೊಸ ಎಲೆಕ್ಟ್ರಿಕ್ ಕಾರಿನ ಬಾನೆಟ್ಟಿನ ಮೇಲೆ ಬಳೆಯ ಅಂಚನ್ನು ಮೆಲ್ಲಗೆ ಎಳೆದಳು. ಬಣ್ಣ ಕಾಯಲೆಂದು ಅಂಟಿಸಿದ್ದ ಪಾರದರ್ಶಕ ಫಿಲ್ಮಿನ ಮೇಲೆ ಗೀರು ಬಿತ್ತು. ಹಿಂದೆ ಡ್ರೈವರ್ ಕಲ್ಲಪ್ಪ ತಾನೇ ಹಳೇ ಗಾಡಿಯ ಡೀಸೆಲ್ ಕದ್ದು, ಕಳವನ್ನು ಅವಳ ಮಗನ ಮೇಲೆ ಹಾಕಿ ಕೆಲಸ ಬಿಡಿಸಿದ್ದ.

“ಯಾರ್ ಗೀರಿದ್ರು ಇದನ್ನ?” ಸಾವುಕಾರರು ಕೇಳಿದರು.

“ಕಲ್ಲಪ್ಪ ಒಣ ಬಟ್ಟೀಲೆ ತಿಕ್ಕಿದಾನ್ರೀ,” ಎಂದಳು ಚೆನ್ನವ್ವ.

“ಸುಳ್ಳ್ರೀ ಸಾವ್ಕಾರ್ರ, ನಾ ಮುಟ್ಟೇ ಇಲ್ಲ,” ಎಂದ ಕಲ್ಲಪ್ಪ.

“ನನ್ನ ಮಗಾನೂ ಹಿಂಗ ಅಂದಿದ್ದ.”

“ಗೀರು ತಾನ ಬಂತೇನಲೇ? ಕೀಲಿ ಇಟ್ಟು ನಡಿ,” ಎಂದರು ಸಾವುಕಾರರು.

ಮಧ್ಯಾಹ್ನದ ಬಿಸಿಲಿಗೆ ಫಿಲ್ಮು ಕಾದು, ಅಂಥ ಫಿಲ್ಮಿನ ಗುಣದಂತೆ ಗೀರು ತಾನಾಗಿಯೇ ಮುಚ್ಚಿಕೊಂಡು ಮಾಯವಾದಾಗ, ಕಲ್ಲಪ್ಪ ಬಸ್ ಹತ್ತಿ ಹೋಗಿ ತಾಸಾಗಿತ್ತು.